ಕಾಡಿನಲ್ಲಿ ಮುಂದೆ ನಡೆದವರು

ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯನ್ನು ಅರಿಯದವರು ಆ ಸೀಮೆಯಲ್ಲಿ ವಿರಳ. ಆದರೆ ಕಾಡುಮೃಗಗಳನ್ನು ಕಾಣಬೇಕೆಂಬ ಅಪೇಕ್ಷೆಯಿಂದ ಆ ಊರಿಗೆ ಹೋದವರು ಅದಕ್ಕಿಂತಲೂ ವಿರಳ. ಹೆಸರಿನಲ್ಲಿಯೇ ಸಂತೆಯನ್ನು ಹೊತ್ತಿರುವ ಈ ಹೋಬಳಿಯ ಊರಿನ ಸುತ್ತ ರಾಗಿಯ ಹೊಲ, ತೆಂಗಿನ ತೋಟ, ಕೆರೆಯ ಕೆಳಗಿನ ಗದ್ದೆ ಇವು ಕಣ್ಣಿಗೆ ಬೀಳುವುವೇ ಹೊರತು ದಟ್ಟವಾದ ಅರಣ್ಯವೇನೂ ಕಾಣದು. ಆದರೂ ಮೇಲುಕೋಟೆಯ ಕಡೆಗೆ ಮುಖಮಾಡಿ ನಡೆದರೆ ನೆಲವು ಮೆಲ್ಲನೆ ಒರಟಾಗುತ್ತದೆ, ಬಂಡೆಗಳು ತಲೆಯೆತ್ತುತ್ತವೆ, ರಾಯಸಮುದ್ರದ ಮಗ್ಗುಲಲ್ಲಿ ನಾರಾಯಣದುರ್ಗವು ಒಂಟಿಯಾಗಿ ನಿಂತಿರುವುದು ತೋರುತ್ತದೆ. ಈ ಗುಡ್ಡಗಳ ಕುರುಚಲು ಕಾಡನ್ನೂ ಮೇಲುಕೋಟೆಯ ಸುತ್ತಣ ಬೆಟ್ಟಗಳನ್ನೂ ಸೇರಿಸಿ ಸುಮಾರು 50 ಚದರ ಕಿಲೋಮೀಟರುಗಳ ಪ್ರದೇಶವನ್ನು 1974ರಲ್ಲಿ ವನ್ಯಧಾಮವೆಂದು ಸಾರಲಾಯಿತು. ಹುಲಿಗಾಗಿಯಲ್ಲ, ಆನೆಗಾಗಿಯಲ್ಲ, ಮುಖ್ಯವಾಗಿ ತೋಳನಿಗಾಗಿ. ಕಥೆಗಳಲ್ಲಿ ಸದಾ ಕೆಟ್ಟವನಾಗಿಯೇ ಬರುವ ಈ ಪ್ರಾಣಿಗೆ ಒಂದು ಆಶ್ರಯವು ದೊರೆತುದು ನಮಗೆ ಸಂತೋಷವನ್ನುಂಟುಮಾಡಿದ ಸಂಗತಿ.

ಕೆಲವು ವರ್ಷಗಳ ಹಿಂದೆ ನಾವು ಮೂವರು ಸ್ನೇಹಿತರು ಮಾಗಿಯ ಒಂದು ಬೆಳಗ್ಗೆ ಈ ಮಾರ್ಗವಾಗಿ ನಡೆದೆವು. ನಮ್ಮಲ್ಲಿ ದುರ್ಬೀನಿತ್ತು, ಪಟವಿತ್ತು, ಪಕ್ಷಿಗಳ ಚಿತ್ರಪುಸ್ತಕವಿತ್ತು. ಇಲ್ಲದಿದ್ದುದು ದಾರಿಯ ಅರಿವು ಮಾತ್ರ. ಸಂತೆಬಾಚಹಳ್ಳಿಯಲ್ಲಿ ಕಾಫಿ ಕುಡಿಯುತ್ತಿದ್ದ ವಯಸ್ಸಾದ ಒಬ್ಬ ಕುರಿಗಾಹಿಯು ನಮ್ಮ ಅವಸ್ಥೆಯನ್ನು ನೋಡಿ, ತಾನೇ ಬರುವುದಾಗಿ ಹೇಳಿ ಮುಂದೆ ಹೊರಟನು. ಅರ್ಧ ದಿನದ ಆ ನಡಿಗೆಯಲ್ಲಿ ನಾವು ಸ್ವತಃ ಕಂಡುದು ನವಿಲು ಮತ್ತು ಮೊಲ; ಅವನು ತೋರಿಸಿದ್ದರಿಂದ ಕಂಡುದು ಹತ್ತರಷ್ಟು. ಹಳ್ಳದ ಮರಳಿನಲ್ಲಿ ಕುಳಿತು, ಇದು ನಾಯಿಯ ಹೆಜ್ಜೆ, ಇದು ತೋಳನದು ಎಂದು ಬೆರಳಿಟ್ಟು ವಿವರಿಸಿದನು. ನಾಯಿಯ ಪಾದ ದುಂಡಗೆ. ತೋಳನದು ನೀಳ, ಮುಂದಿನ ಎರಡು ಬೆರಳುಗಳು ಒತ್ತಾಗಿ ಚಾಚಿರುತ್ತವೆ. ನಾಯಿ ಅತ್ತ ಮೂಸಿ ಇತ್ತ ಮೂಸಿ ಅಲೆಯುತ್ತದೆ. ತೋಳ ಕೆಲಸವಿರುವವನಂತೆ ನೂಲು ಹಿಡಿದ ಹಾಗೆ ಹೋಗುತ್ತದೆ. ತನ್ನ ಕುರಿಗಳನ್ನು ಕದ್ದ ಪ್ರಾಣಿಯ ವಿಷಯವಾಗಿ ಅವನು ಆಡಿದ ಮಾತಿನಲ್ಲಿ ಸಿಟ್ಟಿಗಿಂತ ಪರಿಚಯವೇ ಹೆಚ್ಚಾಗಿದ್ದಿತು. ಬೆಟ್ಟದ ಇಳಿಜಾರಿನಲ್ಲಿ ಬೆಳೆದಿದ್ದ, ನೋಡಲು ಈಚಲಿನಂತೆ ತೋರುವ ಒಂದು ಗಿಡವನ್ನೂ ತೋರಿಸಿದನು. ಅದು ಸೈಕಾಸ್ ಎಂಬ ಜಾತಿಯದೆಂದೂ, ಹೂಬಿಡುವ ಗಿಡಗಳು ಭೂಮಿಯ ಮೇಲೆ ಹುಟ್ಟುವುದಕ್ಕೆ ಮೊದಲೇ ಇದ್ದ ವಂಶಕ್ಕೆ ಸೇರಿದುದೆಂದೂ ನಾವು ಮನೆಗೆ ಬಂದು ಪುಸ್ತಕ ನೋಡಿ ತಿಳಿದೆವು.

ಇಂಥ ತಿರುಗಾಟಕ್ಕೆ ಈಗ ಎಲ್ಲರೂ 'ಸಫಾರಿ' ಎನ್ನುತ್ತಾರೆ. ಆಫ್ರಿಕದ ಬಯಲುಗಳಿಗೆ ಹೋಗಿ ಸಿಂಹ, ಜಿರಾಫೆಗಳನ್ನು ಕಂಡು ಬಂದವರು ನಮ್ಮ ಬೆಂಗಳೂರು ಮೈಸೂರುಗಳಲ್ಲಿ ಈಗ ಅಪರೂಪವಲ್ಲ. ಮಾರ್ಗದರ್ಶಿಯೊಡನೆ ವಾಹನದಲ್ಲಿ ಕುಳಿತು ನೋಡುವುದು ಒಂದು ಬಗೆ, ಡೇರೆಗಳಲ್ಲಿ ತಂಗುತ್ತ ಕಾಲ್ನಡಿಗೆಯಲ್ಲಿ ಸಾಗುವುದು ಇನ್ನೊಂದು ಬಗೆ. ಇದು ಈಚಿನ ಶೋಕಿಯೆಂದೂ, ಹೊರಗಿನಿಂದ ಬಂದುದೆಂದೂ ಕೆಲವರು ಹೇಳುವುದನ್ನು ನಾವು ಕೇಳಿದ್ದೇವೆ. ಹೆಸರು ಹೊರಗಿನದೇ ಸರಿ. ಅದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯ ಶಬ್ದ. ಪ್ರಯಾಣವೆಂದಷ್ಟೇ ಅದರ ಅರ್ಥ. ಅರಬ್ಬೀ ಭಾಷೆಯ 'ಸಫರ್' ಎಂಬುದರಿಂದ ಹುಟ್ಟಿದುದು. ಅದೇ ಸಫರ್ ಎಂಬ ಮಾತು ಉರ್ದುವಿನ ಮೂಲಕ ನಮ್ಮ ಪೇಟೆಗಳಿಗೆ ಎಂದೋ ಬಂದು ಸೇರಿದ್ದಿತು. ಆದರೆ ಬಲ್ಲವನೊಬ್ಬನನ್ನು ಮುಂದೆ ಬಿಟ್ಟುಕೊಂಡು ಕಾಡಿಗೆ ನುಗ್ಗುವ ರೂಢಿಯು ನಮ್ಮ ನಾಡಿನಲ್ಲಿ ಬಹು ಹಿಂದಿನದು. ಹಾಗೆ ಮುಂದೆ ನಡೆದವರು ಯಾರು, ಅವರ ವಿಚಾರವಾಗಿ ನಮಗೆ ಉಳಿದಿರುವುದೇನು ಎಂಬುದನ್ನು ಸ್ವಲ್ಪ ನೋಡೋಣ.

ಇದೇ ಮಂಡ್ಯ ಸೀಮೆಯಲ್ಲಿ, ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಒಂದು ಶಾಸನವು ಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ತಿಳಿದುದು. ಶಕವರ್ಷ 872ರದು, ಎಂದರೆ ಕ್ರಿಸ್ತಶಕ 949-50. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನೂ ಅವನ ಕೈಕೆಳಗಿನ ಗಂಗರಾಜ ಬೂತುಗನೂ ತಕ್ಕೋಲದ ರಣರಂಗದಲ್ಲಿ ಚೋಳ ರಾಜಾದಿತ್ಯನನ್ನು ಎದುರಿಸಿದಾಗ ಮಣಲೆರನೆಂಬ ವೀರನು ಅಲ್ಲಿ ಶೌರ್ಯವನ್ನು ಮೆರೆದನು. ಬೇಕಾದುದನ್ನು ಬೇಡಿಕೊ ಎಂದು ಒಡೆಯನು ಹೇಳಲು, ಅವನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ; ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಆ ಮೇಲೆ ಕೆಲಲೆನಾಡಿನ ಬೆಳತೂರ ಬೆಟ್ಟದ ಪಡುವಣ ಭಾಗದಲ್ಲಿ ಈ ನಾಯಿಯನ್ನು ಒಂದು ಹೆಬ್ಬಂದಿಯ ಮೇಲೆ ಬಿಡಲಾಗಿ, ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತುವು. ಮಣಲೆರನು ಆತಕೂರಿನ ಚಲ್ಲೇಶ್ವರನ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಪೂಜೆಯ ಏರ್ಪಾಡನ್ನು ಮಾಡಿದನು. ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವನು ಉಣ್ಣತಕ್ಕದ್ದಲ್ಲವೆಂಬ ಕಟ್ಟಳೆಯೂ ಅದರಲ್ಲಿದೆ. ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಇಂದಿಗೂ ಸೆಣಸುತ್ತಿವೆ.

ಚಕ್ರವರ್ತಿಯ ವಿಜಯವನ್ನು ಸಾರುವ ಕಲ್ಲಿನ ಮೇಲೆ ಒಂದು ನಾಯಿಯ ಹೆಸರು ಉಳಿದುದು ಸಾಮಾನ್ಯವಾದ ಮಾತಲ್ಲ. ನಾವು ಆ ಕಲ್ಲಿನ ಮುಂದೆ ನಿಂತಾಗ ನಮಗೆ ನಾರಾಯಣದುರ್ಗದ ದಿನವು ನೆನಪಾಯಿತು. ನೆನಪಿನೊಡನೆ ಸ್ವಲ್ಪ ನಾಚಿಕೆಯೂ ಆಯಿತು. ಅಷ್ಟು ಹೊತ್ತು ನಮ್ಮೊಡನೆ ನಡೆದು, ಹಳ್ಳದ ನೀರನ್ನು ಸೋಸಿ ಕೊಟ್ಟು, ಮುಳ್ಳುಬೇಲಿಯನ್ನು ಸರಿಸಿ ಹಿಡಿದಿದ್ದ ಆ ಕುರಿಗಾಹಿಯ ಹೆಸರನ್ನು ನಾವು ಮೂವರಲ್ಲಿ ಒಬ್ಬರೂ ಕೇಳಿರಲಿಲ್ಲ. ಕಂಡ ಹಕ್ಕಿಗಳ ಪಟ್ಟಿಯನ್ನು ಮಾತ್ರ ಚೊಕ್ಕವಾಗಿ ಬರೆದಿಟ್ಟಿದ್ದೆವು.

ಹಳೆಯ ಗ್ರಂಥಗಳಲ್ಲಿಯೂ ಸ್ಥಿತಿ ಹೀಗೆಯೇ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ವಿನೋದಗಳೊಳಗೆ ಬೇಟೆಯೂ ಒಂದು. ಜಿಂಕೆಗಳನ್ನು ಹಿಡಿಯುವ ಬಗೆಗಳನ್ನೂ, ಬೇಟೆಚಿರತೆಯನ್ನು ಅವುಗಳ ಮೇಲೆ ಬಿಡುವ ಕ್ರಮವನ್ನೂ ಅವನು ವಿವರಿಸಿದ್ದಾನೆ. ಪ್ರಾಣಿಯನ್ನು ಪಳಗಿಸಿದವನೂ ಸುಳಿವು ಹಿಡಿದವನೂ ಅಲ್ಲಿ ಕೆಲಸಗಾರರಾಗಿ ಬರುತ್ತಾರೆ, ಮನುಷ್ಯರಾಗಿ ಬರುವುದಿಲ್ಲ. ಸಿವಂಗಿಯೆಂದೂ ಕರೆಯುತ್ತಿದ್ದ ಈ ಬೇಟೆಚಿರತೆಯು ನಮ್ಮ ದೇಶದಿಂದಲೇ ಅಳಿಸಿಹೋಗಿ, ಅದು ನಿರ್ನಾಮವಾಯಿತೆಂದು 1952ರಲ್ಲಿ ಸರಕಾರವೇ ಒಪ್ಪಿಕೊಂಡಿತು. 2022ರಲ್ಲಿ ಎಂಟು ಚಿರತೆಗಳನ್ನು ಆಫ್ರಿಕದ ನಮೀಬಿಯದಿಂದ ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕೂನೋ ಅರಣ್ಯದಲ್ಲಿ ಬಿಟ್ಟುದು ಕೇಳುಗರಿಗೆ ತಿಳಿದೇ ಇದೆ. ಪ್ರಾಣಿಯನ್ನು ಹಾಗೆ ತರಬಹುದು. ಅದನ್ನು ಗಾಡಿಯ ಮೇಲೆ ಕೂರಿಸಿ, ಕಣ್ಣಿಗೆ ಕಟ್ಟಿದ ಬಟ್ಟೆಯನ್ನು ತಕ್ಕ ಗಳಿಗೆಯಲ್ಲಿ ತೆಗೆಯಲು ಬಲ್ಲವರ ವಿದ್ಯೆಯು ಯಾವ ವಿಮಾನದಲ್ಲಿಯೂ ಬರುವಂತಿಲ್ಲ.

ಈ ವಿದ್ಯೆಯಿದ್ದವರು ಇಲ್ಲವಾದರೆ ಏನಾಗುವುದೆಂಬುದಕ್ಕೆ ಶ್ರೀರಂಗಪಟ್ಟಣದಲ್ಲಿಯೇ ಒಂದು ನಿದರ್ಶನವುಂಟು. ಟೀಪೂ ಸುಲ್ತಾನನು ಅರಮನೆಯಲ್ಲಿ ಹುಲಿಗಳನ್ನು ಇರಿಸಿಕೊಂಡಿದ್ದುದು ಪ್ರಸಿದ್ಧ. 1799ರ ಮೇ 4ರಂದು ಕೋಟೆಯು ಬಿದ್ದಿತು. ಪಟ್ಟಣದ ಅಧಿಕಾರವನ್ನು ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯು ಮರುದಿನಗಳಲ್ಲಿ ಬರೆದ ಪತ್ರವೊಂದರಲ್ಲಿ, ಈ ಹುಲಿಗಳಿಗೆ ಆಹಾರವಿಲ್ಲ, ನೋಡಿಕೊಳ್ಳುವವರಿಲ್ಲ, ಅವು ಕೆರಳುತ್ತಿವೆ ಎಂದು ದೂರಿಕೊಂಡಿದ್ದಾನೆ. ಕೋಟೆಯ ಗೋಡೆಯನ್ನು ಒಡೆದವನಿಗೆ ಹುಲಿಯ ಬೋನಿನ ಮುಂದೆ ನಿಲ್ಲುವುದು ಕಷ್ಟವಾಯಿತು. ಅವುಗಳಿಗೆ ಉಣ್ಣಿಸುತ್ತಿದ್ದವರು ಮುತ್ತಿಗೆಯಲ್ಲಿ ಸತ್ತರೋ ಓಡಿಹೋದರೋ, ಯಾರೂ ಬರೆದಿಡಲಿಲ್ಲ.

ಮೈಸೂರು ಸೀಮೆಯಲ್ಲಿ ಕಾಡನ್ನು 'ನೋಡಲು' ಹೋಗುವ ರೂಢಿಯು ದೊಡ್ಡ ಪ್ರಮಾಣದಲ್ಲಿ ಬೆಳೆದುದು ಆನೆಯ ಖೆಡ್ಡಾದಿಂದ. ಇದರ ಆದಿಯು ಜಾರ್ಜ್ ಸ್ಯಾಂಡರ್‌ಸನ್ ಎಂಬ ಆಂಗ್ಲ ಅಧಿಕಾರಿಯದು. ಅವನ ಉದ್ಯೋಗ ನಾಲೆಗಳ ಉಸ್ತುವಾರಿ, ಹುಚ್ಚು ಆನೆಗಳದು. ಅವನಿಗೆ ಒಂದು ಶತಮಾನದ ಹಿಂದೆ ಹೈದರಾಲಿಯು ಕಾಕನಕೋಟೆಯ ಕಾಡಿನಲ್ಲಿ ಆನೆಯ ಹಿಂಡನ್ನು ಹಿಡಿಯಲೆತ್ನಿಸಿ ಸೋತು, ಇನ್ನು ಮುಂದೆ ಈ ಕೆಲಸಕ್ಕೆ ಕೈಯಿಕ್ಕಿದವನಿಗೆ ಶಾಪವಿರಲೆಂದು ಕಲ್ಲು ನೆಡಿಸಿದ್ದನೆಂದು ಸ್ಯಾಂಡರ್‌ಸನ್ನನೇ ಬರೆದಿದ್ದಾನೆ. ಶಾಪವನ್ನು ಲೆಕ್ಕಿಸದೆ ಹೊರಟ ಇವನು 1873ರಲ್ಲಿ ಮೊದಲ ಯತ್ನದಲ್ಲಿ ವಿಫಲನಾಗಿ, 1874ರಲ್ಲಿ ಚಾಮರಾಜನಗರದ ಕಡೆ ಹೊನ್ನುಹೊಳೆಯ ತೀರದಲ್ಲಿ ಐವತ್ತಕ್ಕಿಂತ ಹೆಚ್ಚು ಆನೆಗಳನ್ನು ಹಿಡಿದನು. 1878ರಲ್ಲಿ ಅಚ್ಚಾದ ಅವನ ಪುಸ್ತಕವು ಈಗಲೂ ಓದಲು ಸೊಗಸಾಗಿದೆ. ಇವನಲ್ಲಿ ನಮಗೆ ಮೆಚ್ಚಾದ ಗುಣವೊಂದಿದೆ. ತನಗೆ ಕಾಡನ್ನು ಕಲಿಸಿದವರು ಸುತ್ತಣ ಹಳ್ಳಿಯ ಸುಳಿವುಗಾರರು, ಬೆಟ್ಟದ ಸೋಲಿಗರು, ಕುರುಬರು ಎಂಬುದನ್ನು ಅವನು ಮರೆಮಾಚುವುದಿಲ್ಲ. ಅವರ ಮಾತು, ಭಯ, ತಮಾಷೆಗಳಿಗೆಲ್ಲ ಅವನ ಪುಟಗಳಲ್ಲಿ ಸ್ಥಳವಿದೆ. ಹಾಗೆಂದು ಅವನ ಕಾಲದ ದೊರೆಗಳ ದರ್ಪವು ಅವನಲ್ಲಿ ಇರಲಿಲ್ಲವೆಂದಲ್ಲ. ಅದೂ ಧಾರಾಳವಾಗಿಯೇ ಇದೆ.

ಖೆಡ್ಡಾ ಎಂದರೆ ಕೇವಲ ಹಳ್ಳ ತೋಡಿ ಬೇಲಿ ಕಟ್ಟುವುದಲ್ಲ. ಹಲವು ವಾರಗಳ ಮುಂಚೆ ಜೇನುಕುರುಬರೂ ಕಾಡುಕುರುಬರೂ ಹಿಂಡನ್ನು ಹುಡುಕಿ, ಅದಕ್ಕೆ ಅರಿವಾಗದಂತೆ ಹಿಂದೆ ಬೀಳಬೇಕು. ಇವರು ನಮ್ಮ ಬಯಲಿನ ಕುರಿಸಾಕುವ ಕುರುಬರಲ್ಲ. ಬೇರೆಯೇ ಜನ, ಕಾಡೇ ಅವರ ಊರು. ಗಾಳಿಯ ದಿಕ್ಕನ್ನು ನೋಡಿ, ಲದ್ದಿಯ ಬಿಸಿಯನ್ನು ಮುಟ್ಟಿ, ಮುರಿದ ಬಿದಿರಿನ ಹಸಿಯನ್ನು ಪರೀಕ್ಷಿಸಿ, ಹಿಂಡು ಎಷ್ಟು ಹೊತ್ತಿನ ಹಿಂದೆ ಹೋಯಿತು, ಮರಿಗಳಿವೆಯೇ, ಸಲಗ ಜೊತೆಯಲ್ಲಿದೆಯೇ ಎಂಬುದನ್ನು ಹೇಳಬೇಕು. ಆ ಬಳಿಕ ಹಲವು ಮೈಲಿಗಳ ವೃತ್ತವನ್ನು ಜನರಿಂದ ಸುತ್ತುವರಿದು, ಇರುಳೆಲ್ಲ ಬೆಂಕಿಯನ್ನು ಉರಿಸಿ, ತಮಟೆ ಬಾರಿಸಿ, ವೃತ್ತವನ್ನು ಕಿರಿದುಮಾಡುತ್ತ ಬರಬೇಕು. ಕೊನೆಗೆ ಕಾಕನಕೋಟೆಯಲ್ಲಿ ಹಿಂಡನ್ನು ಕಪಿಲೆಯ ನೀರಿಗೆ ಇಳಿಸಿ, ಈಜಿಸಿ, ಆಚೆಯ ದಡದ ಬಲವಾದ ಗೂಟಗಳ ಆವರಣಕ್ಕೆ ಸೇರಿಸಿ ಬಾಗಿಲನ್ನು ಬೀಳಿಸುತ್ತಿದ್ದರು. ಈ ಕೊನೆಯ ಅರ್ಧ ಗಂಟೆಯೇ ಅತಿಥಿಗಳು ಕಾಣುತ್ತಿದ್ದುದು. ಅವರು ಅಟ್ಟಣೆಗಳ ಮೇಲೆ ಕುಳಿತು ನೋಡುವರು. ಎರಡು ತಿಂಗಳು ಕಾಡಿನಲ್ಲಿದ್ದವರು ಕೆಳಗೆ ನೀರಿನಲ್ಲಿರುವರು.

ಅತಿಥಿಗಳಾದರೋ ಸಾಮಾನ್ಯರಲ್ಲ. 1889ರಲ್ಲಿ ವಿಕ್ಟೋರಿಯ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ಖೆಡ್ಡಾ ನಡೆಯಿತು. 1906ರಲ್ಲಿ, ಮುಂದೆ ಐದನೆಯ ಜಾರ್ಜ್ ದೊರೆಯಾದ ರಾಜಕುಮಾರನಿಗಾಗಿ ನಡೆಯಿತು. 1922ರಲ್ಲಿ ಅವನ ಮಗ ಎಡ್ವರ್ಡನು ಬಂದನು. ರಾಜಪ್ರತಿನಿಧಿಗಳು ಬಂದರು. ಕಾಡಿನ ನಡುವೆ ಡೇರೆಯ ಪಟ್ಟಣವೇ ಏಳುತ್ತಿದ್ದಿತು, ಕಾರಾಪುರದಲ್ಲಿ ಬಂಗಲೆಗಳಾದುವು. ಈ ದೊಡ್ಡವರ ಹೆಸರು, ಬಂದ ದಿನ, ಹೊರಟ ದಿನ, ಊಟದ ಪಟ್ಟಿ ಇವೆಲ್ಲ ದಾಖಲೆಗಳಲ್ಲಿ ಸಿಕ್ಕುತ್ತವೆ. ಹಿಡಿದ ಆನೆಗಳಿಗೂ ಹೆಸರಿಡುತ್ತಿದ್ದರು. ಅವೂ ಪುಸ್ತಕಕ್ಕೆ ಏರುತ್ತಿದ್ದುವು. ಸುಳಿವು ಹಿಡಿದ ಕುರುಬನನ್ನು ಹೆಚ್ಚಾಗಿ 'ಒಬ್ಬ ಕುರುಬ' ಎಂದೇ ಬರೆದಿದೆ. ಕನ್ನಡ ಸಾಹಿತ್ಯಕ್ಕೆ ಒಂದು ಗೌರವವು ಇಲ್ಲಿ ಸಲ್ಲಬೇಕು. ಮಾಸ್ತಿಯವರ ಕಾಕನಕೋಟೆ ನಾಟಕದಲ್ಲಿ ಕಾಡುಕುರುಬರು ತಮ್ಮ ಹೆಸರಿನಿಂದ, ತಮ್ಮ ನಾಯಕನೊಡನೆ, ಅರಮನೆಯ ಮುಂದೆ ತಲೆಯೆತ್ತಿ ನಿಲ್ಲುತ್ತಾರೆ. ಕಡತವು ಕೊಡದುದನ್ನು ಕವಿಯು ಕೊಟ್ಟನು.

1935ರಲ್ಲಿ ರಾಬರ್ಟ್ ಫ್ಲಾಹರ್ಟಿಯೆಂಬ ಚಲಚ್ಚಿತ್ರಕಾರನು ಮೈಸೂರಿಗೆ ಬಂದಾಗ ಒಂದು ವಿಚಿತ್ರ ನಡೆಯಿತು. ಕಾರಾಪುರದಲ್ಲಿ ಮಾವುತನ ಮಗನಾಗಿ ಹುಟ್ಟಿ, ತಂದೆಯನ್ನು ಕಳೆದುಕೊಂಡು, ಆನೆಲಾಯದ ಆಶ್ರಯದಲ್ಲಿ ಬೆಳೆಯುತ್ತಿದ್ದ ಸಾಬು ಎಂಬ ಹುಡುಗನು ಅವನ ಚಿತ್ರಕ್ಕೆ ನಾಯಕನಾದನು. 1937ರಲ್ಲಿ ಚಿತ್ರವು ಹೊರಬಂದಾಗ ಆ ಹುಡುಗನ ಹೆಸರು ಲಂಡನ್ನಿನಲ್ಲಿಯೂ ಅಮೆರಿಕದಲ್ಲಿಯೂ ಮನೆಮಾತಾಯಿತು. ನಮ್ಮ ಕಾಡಿನವರಲ್ಲಿ ಜಗತ್ತು ಹೆಸರು ಹಿಡಿದು ಕರೆದ ಮೊದಲನೆಯವನು ಇವನೇ ಇರಬೇಕು. ಅದಕ್ಕಾಗಿ ಅವನು ಕಾಡನ್ನು ಬಿಟ್ಟು ಹೋಗಬೇಕಾಯಿತು.

ಇದೇ ಕಾಲದಲ್ಲಿ ಸಮುದ್ರದಾಚೆ ಆಫ್ರಿಕದಲ್ಲಿ ಸಫಾರಿಯು ಬೆಳೆಯುತ್ತಿದ್ದಿತು. ಆ ಬೆಳವಣಿಗೆಗೂ ನಮ್ಮ ದೇಶದವರಿಗೂ ಇರುವ ಸಂಬಂಧವು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಮೊಂಬಾಸದ ರೇವಿನಿಂದ ವಿಕ್ಟೋರಿಯ ಸರೋವರದ ವರೆಗೆ 1896ರಿಂದ 1901ರ ವರೆಗೆ ರೈಲುದಾರಿಯನ್ನು ಹಾಕಿದವರು ಭಾರತದಿಂದ ಒಯ್ದ ಸುಮಾರು 32,000 ಮಂದಿ ಕೆಲಸಗಾರರು, ಬಹುಮಟ್ಟಿಗೆ ಪಂಜಾಬಿನವರು. 1898ರಲ್ಲಿ ತ್ಸಾವೋ ನದಿಯ ಸೇತುವೆಯ ಬಳಿ ಎರಡು ಸಿಂಹಗಳು ರಾತ್ರಿ ರಾತ್ರಿ ಡೇರೆಗಳಿಗೆ ನುಗ್ಗಿ ಇವರನ್ನು ಎಳೆದೊಯ್ದುವು. ಅವುಗಳನ್ನು ಕೊಂದ ಪ್ಯಾಟರ್‌ಸನ್ನನು ತನ್ನ ಪುಸ್ತಕದಲ್ಲಿ ಸತ್ತ ಭಾರತೀಯರ ಸಂಖ್ಯೆಯನ್ನು 28 ಎಂದು ಕೊಟ್ಟು, ಆಫ್ರಿಕದವರಾದರೆ ಎಷ್ಟೋ ಜನ ಸತ್ತರೆಂದೂ, ಅವರ ಲೆಕ್ಕವನ್ನು ಸರಕಾರವು ಇಡಲಿಲ್ಲವೆಂದೂ ಹೇಳುತ್ತಾನೆ. ಸಿಂಹಗಳೆರಡೂ ಚಿಕಾಗೋ ನಗರದ ವಸ್ತುಸಂಗ್ರಹಾಲಯದಲ್ಲಿವೆ. ಈ ರೈಲೇ ಮುಂದೆ ಶ್ರೀಮಂತ ಬೇಟೆಗಾರರನ್ನು ಒಳನಾಡಿಗೆ ಕೊಂಡೊಯ್ದಿತು. 1909ರಲ್ಲಿ ಅಮೆರಿಕದ ಅಧ್ಯಕ್ಷಪದವಿಯಿಂದ ಇಳಿದ ಥಿಯೊಡೋರ್ ರೂಸ್‌ವೆಲ್ಟನು ಮಗನೊಡನೆ ಇನ್ನೂರಕ್ಕೂ ಹೆಚ್ಚು ಹೊರೆಯಾಳುಗಳನ್ನು ಕಟ್ಟಿಕೊಂಡು ಹೋಗಿ 512 ದೊಡ್ಡ ಪ್ರಾಣಿಗಳನ್ನು ಕೊಂದು ಬಂದನು. ಸಫಾರಿಯೆಂಬ ಮಾತು ಲೋಕದಲ್ಲೆಲ್ಲ ಹರಡಲು ಈ ಯಾತ್ರೆಯ ಸುದ್ದಿಯೂ ಒಂದು ಕಾರಣ.

ಬಂದೂಕನ್ನು ಕೆಳಗಿಟ್ಟು ಕಾಲ್ನಡಿಗೆಯಿಂದ ಕಾಡನ್ನು ನೋಡುವ ಕ್ರಮವು ಅಲ್ಲಿ ತಡವಾಗಿ ಬಂದಿತು. ಬಂದಾಗ ಚೆನ್ನಾಗಿ ಬಂದಿತು. 1950ರಲ್ಲಿ, ಈಗ ಜಾಂಬಿಯವೆನಿಸಿರುವ ದೇಶದ ಲುವಾಂಗ್ವಾ ಕಣಿವೆಯಲ್ಲಿ ನಾರ್ಮನ್ ಕಾರ್ ಎಂಬ ಅಧಿಕಾರಿಯು ಅಲ್ಲಿನ ನಾಯಕ ನ್ಸೆಫುವನ್ನು ಕಂಡು ಮಾತನಾಡಿ, ಅವನ ನೆಲದಲ್ಲಿ ಪ್ರೇಕ್ಷಕರಿಗೆ ಶಿಬಿರವನ್ನು ಹೂಡಿದನು; ಬಂದ ಹಣವು ಆ ನೆಲದ ಜನಕ್ಕೆ ಸಲ್ಲುವಂತೆ ಏರ್ಪಾಡಾಯಿತು. 1959ರಲ್ಲಿ ದಕ್ಷಿಣ ಆಫ್ರಿಕದ ಉಂಫೋಲೋಜಿಯಲ್ಲಿ ಇಯಾನ್ ಪ್ಲೇಯರ್ ಎಂಬಾತನು ಕೆಲವೇ ಜನರ ತಂಡಗಳನ್ನು ಹಲವು ದಿನಗಳ ಕಾಲ ಕಾಡಿನಲ್ಲಿ ನಡೆಸಿಕೊಂಡು ಹೋಗತೊಡಗಿದನು. ರಾತ್ರಿ ಬೆಂಕಿಯ ಬಳಿ ಪ್ರತಿಯೊಬ್ಬನೂ ಸರದಿಯ ಮೇಲೆ ಒಬ್ಬನೇ ಕುಳಿತು ಕಾವಲಿರಬೇಕು. ಆಗ ಕೇಳುವ ಸದ್ದುಗಳು ಹಗಲಿನ ವಾಹನದಲ್ಲಿ ಕೇಳತಕ್ಕವಲ್ಲ. ಬಿಳಿಯ ಘೇಂಡಾಮೃಗವನ್ನು ನಾಶದಿಂದ ಉಳಿಸಿದವರಲ್ಲಿ ಮುಖ್ಯನೆಂದು ಹೆಸರಾದ ಈ ಪ್ಲೇಯರ್, ತನ್ನ ಕೀರ್ತಿಯಲ್ಲಿ ದೊಡ್ಡ ಪಾಲನ್ನು ಮಗ್‌ಖುಬು ಎನ್‌ಟೊಂಬೆಲ ಎಂಬ ಜುಲು ಹಿರಿಯನಿಗೆ ಒಪ್ಪಿಸಿಬಿಟ್ಟನು. ಎನ್‌ಟೊಂಬೆಲನಿಗೆ ಓದುಬರಹ ತಿಳಿಯದು. ಕಾಡಿನಲ್ಲಿ ಅವನು ಓದದ ಹಾಳೆಯಿಲ್ಲ. ಇವನು ನನ್ನ ಗುರುವೆಂದು ಪ್ಲೇಯರ್ ಹೋದಲ್ಲೆಲ್ಲ ಸಾರಿ, 1993ರಲ್ಲಿ ಅವನು ತೀರಿದ ಮೇಲೆ ಅವನನ್ನು ಕುರಿತು ಒಂದು ಗ್ರಂಥವನ್ನೇ ಬರೆದನು. ವರ್ಣದ್ವೇಷವೇ ಕಾನೂನಾಗಿದ್ದ ಆ ದೇಶದಲ್ಲಿ ಒಬ್ಬ ಬಿಳಿಯ ಅಧಿಕಾರಿಯು ಹೀಗೆ ನಡೆದುಕೊಂಡುದನ್ನು ಓದಿದಾಗ ನಮಗೆ ಆತಕೂರಿನ ಮಣಲೆರನ ನೆನಪಾಗುತ್ತದೆ. ಕಲ್ಲು ನಿಲ್ಲಿಸುವ ಮನಸ್ಸು ಒಂದೇ. ಇಲ್ಲಿ ಅದು ಮನುಷ್ಯನಿಗೆ ಸಂದಿತು.

ನಮ್ಮಲ್ಲಿ ಏನಾಯಿತು? ಬಂಡೀಪುರದ ಕಾಡಿನ ಒಂದು ಭಾಗವನ್ನು 1931ರಲ್ಲಿ ಮೈಸೂರು ಸಂಸ್ಥಾನವು ಮೃಗಗಳಿಗಾಗಿ ಮೀಸಲಿಟ್ಟು, 1941ರಲ್ಲಿ ಅದನ್ನು ವಿಸ್ತರಿಸಿ ವೇಣುಗೋಪಾಲ ವನ್ಯಮೃಗವನವೆಂದು ಕರೆಯಿತು. 1972ರ ಕಾಯಿದೆಯಿಂದ ಬೇಟೆಯು ನಿಂತಿತು. 1973ರ ಹುಲಿ ಯೋಜನೆಯಲ್ಲಿ ಬಂಡೀಪುರವು ಮೊದಲ ಒಂಬತ್ತರೊಳಗೆ ಒಂದಾಯಿತು. 1971ರಲ್ಲಿ ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದು, ಕೆಲವೇ ವರ್ಷಗಳಲ್ಲಿ ಕಬಿನಿಯ ಅಣೆಕಟ್ಟಿನ ನೀರು ಆ ಕಾಡಿನ ಮೇಲೆ ನಿಂತಿತು. ಅತಿಥಿಗಳು ಕುಳಿತ ಸ್ಥಳವೂ ಕುರುಬರು ಓಡಾಡಿದ ಜಾಡೂ ಭೇದವಿಲ್ಲದೆ ಮುಳುಗಿದುವು. ಬೇಸಗೆಯಲ್ಲಿ ನೀರು ಇಳಿದಾಗ ಅಲ್ಲಿ ಹಸುರು ಹುಲ್ಲು ಏಳುತ್ತದೆ, ಅದನ್ನು ಮೇಯಲು ನೂರಾರು ಆನೆಗಳು ಕೂಡುತ್ತವೆ. ಅದನ್ನು ನೋಡಲು ಈಗ ದೇಶವಿದೇಶಗಳ ಜನ ಬರುತ್ತಾರೆ. 1980ರಲ್ಲಿ ಸರಕಾರವು ಸ್ಥಾಪಿಸಿದ ವನವಿಹಾರ ಸಂಸ್ಥೆಯು ಕಾರಾಪುರದ ಹಳೆಯ ಬಂಗಲೆಗಳಲ್ಲಿಯೇ ವಸತಿಯನ್ನು ತೆರೆಯಿತು. ಅದನ್ನು ಬಹುಕಾಲ ನಡೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ 2010ರಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಳ್ಳುವ ವರೆಗೆ ಅಲ್ಲಿಯೇ ಇದ್ದರು.

ಕಾಡಿನವರ ಪಾಡು ಬೇರೆಯಾಯಿತು. ನೀರು ಕೆಲವರನ್ನು ಎಬ್ಬಿಸಿತು. ರಾಷ್ಟ್ರೀಯ ಉದ್ಯಾನದ ಗೆರೆಯು ಇನ್ನುಳಿದವರನ್ನು ಎಬ್ಬಿಸಿತು. ಮೃಗಗಳ ಹಿತಕ್ಕಾಗಿ ಜನರು ಹೊರಗಿರಬೇಕೆಂಬ ವಾದವನ್ನು ನಾವು ಪೂರ್ತಿಯಾಗಿ ತಳ್ಳಿಹಾಕುವವರಲ್ಲ. ಬಂದೂಕು, ಉರುಳು, ಬೆಂಕಿಗಳಿಂದ ಕಾಡಿಗೆ ಆದ ಹಾನಿಯು ನಿಜವಾದುದು. ಆದರೆ ನಾಗರಹೊಳೆಯಿಂದ ಜೇನುಕುರುಬರನ್ನು ಹೊರಗೆ ಕಳುಹಿಸುತ್ತಿದ್ದ ದಿನಗಳಲ್ಲಿಯೇ ಅದೇ ಉದ್ಯಾನದೊಳಗೆ ಪ್ರವಾಸಿಗಳಿಗೆಂದು ಖಾಸಗಿಯವರ ಭಾರಿ ವಸತಿಗೃಹವು ಏಳತೊಡಗಿದಾಗ ಆ ಜನರು ಕೇಳಿದ ಪ್ರಶ್ನೆಗೆ ಯಾರಲ್ಲಿಯೂ ಉತ್ತರವಿರಲಿಲ್ಲ. ಅವರು ಹೋರಾಡಿದರು, 1997ರಲ್ಲಿ ಉಚ್ಚ ನ್ಯಾಯಾಲಯವು ಆ ಕಟ್ಟಡವನ್ನು ನಿಲ್ಲಿಸಿತು. 2006ರ ಅರಣ್ಯ ಹಕ್ಕಿನ ಕಾಯಿದೆಯ ಮೇರೆಗೆ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ, ಹುಲಿಗಳಿಗೆ ಮೀಸಲಾದ ಕಾಡಿನೊಳಗೇ ಸಮುದಾಯದ ಹಕ್ಕು ದೊರೆತುದು ದೇಶದಲ್ಲಿಯೇ ಮೊದಲ ನಿದರ್ಶನ. ನಮ್ಮ ಹುಲಿಕಾಡುಗಳಲ್ಲಿ ಪ್ರವಾಸಿಗಳು ಈಗ ವಾಹನದಲ್ಲಿ ಕುಳಿತೇ ನೋಡುವುದು. ಕಾವಲಿಗಾಗಿ ಆ ಕಾಡನ್ನು ನಡೆದು ಸುತ್ತುವ ಕೆಲಸವು ಮಾತ್ರ ಇಂದಿಗೂ ಬಹುಮಟ್ಟಿಗೆ ಈ ಜನರದೇ. ಕಳ್ಳಬೇಟೆ ತಡೆಯುವ ಶಿಬಿರಗಳಲ್ಲಿ ಇರುಳನ್ನು ಕಳೆಯುವವರು ಅವರು.

ಇಷ್ಟು ದೂರ ಹೋಗಲಾರದವರು ಶ್ರೀರಂಗಪಟ್ಟಣದ ರಂಗನತಿಟ್ಟಿಗೆ ಹೋಗಬಹುದು. 17ನೆಯ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಂದು ಕಟ್ಟೆಯಿಂದ ಉಂಟಾದ ನಡುಗಡ್ಡೆಗಳು ಅವು. ಮೈಸೂರಿನ ಪಕ್ಷಿಗಳನ್ನು ಪರಿಶೀಲಿಸಲು ಬಂದ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಸಂಸ್ಥಾನವು ಅದನ್ನು ಪಕ್ಷಿಧಾಮವಾಗಿ ಮಾಡಿತು. ಅಲ್ಲಿ ದೋಣಿ ನಡೆಸುವವರು ಒಳ್ಳೆಯ ಮಾರ್ಗದರ್ಶಿಗಳು. ನಾವು ಬಂಡೆಯೆಂದು ತಿಳಿದುದನ್ನು ಮೊಸಳೆಯೆಂದು ತೋರಿಸಿ, ದೋಣಿಯನ್ನು ಮೊಸಳೆಗೆ ತುಸು ಹೆಚ್ಚೇ ಹತ್ತಿರ ಒಯ್ಯುವುದು ಅವರ ಹವ್ಯಾಸ. ಕಳೆದ ಸಾರಿ ಹೋದಾಗ ನಾವು ಮೊದಲು ದೋಣಿಯವನ ಹೆಸರನ್ನು ಕೇಳಿದೆವು. ಅವನು ಗಾಬರಿಯಾಗಿ, ದೂರು ಕೊಡಲಿಕ್ಕೋ ಎಂದು ವಿಚಾರಿಸಿದನು.

ಆಮೇಲೆ ಒಂದು ದಿನ ಸಂತೆಬಾಚಹಳ್ಳಿಗೂ ಹೋದೆವು. ಅದೇ ಕಾಫಿಯಂಗಡಿಯಲ್ಲಿ ಕುಳಿತು, ಇಂಥ ವಯಸ್ಸಿನ, ಇಂಥ ಕಂಬಳಿಯ, ನಾರಾಯಣದುರ್ಗದ ದಾರಿಯನ್ನು ಬಲ್ಲ ಕುರಿಗಾಹಿಯೊಬ್ಬನನ್ನು ಕಾಣಬೇಕಾಗಿದೆ ಎಂದೆವು. ಅಂಗಡಿಯವನು ಯೋಚಿಸಿ, ಹಾಗೆ ಹೇಳಿದರೆ ನಾಲ್ಕು ಜನರಿದ್ದಾರೆ, ಹೊಲಗಳಲ್ಲಿ ಮಂದೆ ತರುಬಲು ಹಿಂಡು ಹೊಡೆದುಕೊಂಡು ಹೋಗಿರಬೇಕು, ಹೆಸರೇನು ಹೇಳಿ ಎಂದನು.